ಕಮಿಷನ್ ಕೆಲಸ: ಸೇರುವ ಮೊದಲು ಲೆಕ್ಕ ಮಾಡೋಣ

ಕರೆಂಟ್ ಬಿಲ್ ಕಟ್ಟಿಸುವುದು, ಮೊಬೈಲ್ ಮತ್ತು ಡಿಶ್ ರೀಚಾರ್ಜ್ ಮಾಡುವುದು, ಇಂಥ ಕಮಿಷನ್ ಕೆಲಸಕ್ಕೆ ಕಾಲೇಜು ಓದುವ ಮಗನನ್ನು ಹಚ್ಚಬಹುದೇ ಎಂದು ಪಾಲಕರು ನಮ್ಮನ್ನು ಕೇಳುತ್ತಾರೆ. ಹಚ್ಚಬಹುದು, ಆದರೆ ಮೊದಲು ನಾಲ್ಕು ವಿಷಯ ನೋಡೋಣ.

1. ಉಳಿಯುವುದೆಷ್ಟು? ತಿಂಗಳಿಗೆ 300 ಬಿಲ್, ಬಿಲ್ಲಿಗೆ 5 ರೂಪಾಯಿ ಎಂದುಕೊಳ್ಳಿ: 1,500 ರೂಪಾಯಿ. ಪೆಟ್ರೋಲಿಗೆ 600, ಮೊಬೈಲಿಗೆ 250 ಕಳೆದರೆ 650. ಅದಕ್ಕೆ 50 ತಾಸು ತಿರುಗಿದ್ದರೆ ತಾಸಿಗೆ 13 ರೂಪಾಯಿ. ಮನೆಯಲ್ಲೇ ಕಿರಾಣಿ ಅಂಗಡಿ ಇದ್ದವರಿಗೆ ತಿರುಗಾಟದ ಖರ್ಚಿಲ್ಲ. ಅವರಿಗೆ ಇದು ಲಾಭವೇ.

2. ಗಳಿಕೆ ಯಾರ ಕೈಯಲ್ಲಿದೆ? ನಮ್ಮ ಭಾಗಕ್ಕೆ ವಿದ್ಯುತ್ ಪೂರೈಸುವುದು ಹೆಸ್ಕಾಂ. 2023ರ ಆಗಸ್ಟ್‌ನಿಂದ ಗೃಹಜ್ಯೋತಿಯಡಿ ಅರ್ಹ ಮನೆಗಳಿಗೆ ಶೂನ್ಯ ಬಿಲ್ ಬರತೊಡಗಿತು. ಮನೆಗಳಿಗೆ ಅನುಕೂಲವಾಯಿತು. ಆದರೆ ಕಟ್ಟಬೇಕಾದ ಹಣವೇ ಇಲ್ಲದಲ್ಲಿ ವಸೂಲಿ ಕಮಿಷನ್ ಎಲ್ಲಿಂದ ಬಂದೀತು? ಫೋನಿನಲ್ಲೇ ಬಿಲ್ ಕಟ್ಟುವ ಮನೆಯಿಂದಲೂ ಏನೂ ಸಿಗದು.

3. ಹಣ ಯಾರದು? ಸಂಜೆ ಜೇಬಿನಲ್ಲಿ 20,000 ಇದ್ದರೂ ಅದು ಜನರ ಅಮಾನತ್. ನಮ್ಮದು ಕಮಿಷನ್ ಮಾತ್ರ. ಬೇರೆ ಚೀಲದಲ್ಲಿಡಿ, ಅಂದೇ ಜಮಾ ಮಾಡಿ, ರಸೀದಿ ಕೊಡಿ.

4. ಕಮಿಷನ್ ಯಾವುದಕ್ಕೆ? ಸೇವೆ ಕೊಟ್ಟಿದ್ದಕ್ಕಲ್ಲ, ಹಣ ಕಟ್ಟಿಸಿ ಹೊಸಬರನ್ನು ಸೇರಿಸಿದ್ದಕ್ಕೆ ಎಂದರೆ ದೂರವಿರಿ. ಇಂಥ ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ.

ಕೊನೆಯ ಮಾತು: ಫೀಗೆಂದು ದಾನಿಗಳು ಕೊಟ್ಟ ಹಣವನ್ನು ಇಂಥ ಕೆಲಸದ ಠೇವಣಿಗೆ ಹಾಕಬೇಡಿ. ಕಮಿಷನ್ ಕೆಲಸ ಮುಂದಿನ ವರ್ಷವೂ ಸಿಕ್ಕೀತು. ತಪ್ಪಿದ ಪರೀಕ್ಷೆಗೆ ಒಂದು ವರ್ಷವೇ ಹೋಗಬಹುದು.