ಕಡಲ ಹೂವು ನೆಲೆಯೂರುವ ಬಗೆ

ಸ್ಕಾಟ್ಲೆಂಡಿನ ಜಾನ್ ಡಾಲ್ಯಲ್ ಎಂಬ ಪ್ರಕೃತಿವಿಜ್ಞಾನಿಯು ೧೮೨೮ರಲ್ಲಿ ನಾರ್ತ್ ಬೆರಿಕ್ ತೀರದಿಂದ ಒಂದು ಕಡಲ ಹೂವನ್ನು ತಂದು, ಸಮುದ್ರದ ನೀರು ತುಂಬಿದ ಗಾಜಿನ ಪಾತ್ರೆಯಲ್ಲಿಟ್ಟು ಸಾಕತೊಡಗಿದನು. ೧೮೫೧ರಲ್ಲಿ ಡಾಲ್ಯಲನು ತೀರಿಕೊಂಡನು. ಹೂವು ಬದುಕಿಯೇ ಇತ್ತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ, ನೂರಾರು ಮರಿಗಳನ್ನು ಹೆತ್ತು, ‘ಅಜ್ಜಿ’ ಎಂಬ ಹೆಸರನ್ನು ಗಳಿಸಿ, ಅದು ೧೮೮೭ರವರೆಗೆ ಬಾಳಿತು. ಒಂದು ಗಾಜಿನ ಪಾತ್ರೆಯಲ್ಲಿ ಐವತ್ತೊಂಬತ್ತು ವರ್ಷ!

ಇಂದು ಮನೆಯಲ್ಲಿ ಉಪ್ಪುನೀರಿನ ತೊಟ್ಟಿಯನ್ನಿರಿಸಿ ಹವಳದ ದಿಬ್ಬದ ಜೀವಿಗಳನ್ನು ಸಾಕುವವರು ಅನೇಕರಿದ್ದಾರೆ. ಅವರ ಬಳಿ ಅಜ್ಜಿಗಿಲ್ಲದಿದ್ದ ವಿದ್ಯುದ್ದೀಪವುಂಟು, ನೀರು ತಿರುಗಿಸುವ ಪಂಪುಂಟು, ಉಷ್ಣತೆಯನ್ನು ಕಾಯುವ ಸಾಧನವುಂಟು. ಆದರೂ ಅವರು ತಂದ ಕಡಲ ಹೂವುಗಳಲ್ಲಿ ಹಲವು ಕೆಲವೇ ತಿಂಗಳುಗಳಲ್ಲಿ ಕರಗಿಹೋಗುತ್ತವೆ. ಇದೇಕೆ ಹೀಗೆ?

ಕಡಲ ಹೂವೆಂದರೆ ಗಿಡದ ಹೂವಲ್ಲ. ಹವಳಕ್ಕೂ ಲೋಳೆಮೀನಿಗೂ ಬಂಧುವಾದ ಪ್ರಾಣಿ. ಮೇಲೆ ಒಂದು ಬಾಯಿ, ಬಾಯಿಯ ಸುತ್ತ ಕುಟುಕುವ ಕಣಗಳನ್ನು ಹೊತ್ತ ಗ್ರಹಣಾಂಗಗಳು, ನಡುವೆ ಕಂಬದಂತಹ ಒಡಲು, ಕೆಳಗೆ ಬಂಡೆಗೆ ಅಂಟಿಕೊಳ್ಳುವ ಪಾದ — ಇಷ್ಟೇ ಅದರ ರಚನೆ. ಎಲುಬಿಲ್ಲ, ಒಳಗೆ ತುಂಬಿಕೊಂಡ ನೀರೇ ಅದನ್ನು ನೆಟ್ಟಗೆ ನಿಲ್ಲಿಸುತ್ತದೆ. ಉಂಡದ್ದೂ ಉಳಿದ ಕಸವನ್ನು ಹೊರಹಾಕುವುದೂ ಒಂದೇ ಬಾಯಿಂದ.

ಅಜ್ಜಿಯು ಉಬ್ಬರವಿಳಿತಗಳ ನಡುವಿನ ಬಂಡೆಯಲ್ಲಿ ಬೆಳೆಯುವ ಜಾತಿಗೆ ಸೇರಿತ್ತು. ದಿನಕ್ಕೆರಡು ಬಾರಿ ನೀರಿಳಿದು, ಬಿಸಿಲು ಬಡಿದು, ಮಳೆ ಬಿದ್ದರೆ ಉಪ್ಪು ತಗ್ಗಿ, ಮತ್ತೆ ಅಲೆ ಬಂದು ಮುಚ್ಚುವ ಸ್ಥಳ ಅದು. ಅಲ್ಲಿ ಹುಟ್ಟಿದ ಪ್ರಾಣಿಗೆ ಏರುಪೇರೇ ನಿತ್ಯದ ಬದುಕು. ಹವಳದ ದಿಬ್ಬದ ಕಡಲ ಹೂವಿನ ಪಾಡು ಬೇರೆ. ಅದರ ಸುತ್ತಣ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಬಗೆಯದು. ಲೀಟರಿಗೆ ಸುಮಾರು ೩೫ ಗ್ರಾಂ ಉಪ್ಪು, ಬೆಚ್ಚನೆಯ ತಿಳಿನೀರು, ಧಾರಾಳವಾದ ಬಿಸಿಲು. ತನ್ನ ಒಡಲಿನ ಉಪ್ಪನ್ನು ಹೊರಗಿನ ಉಪ್ಪಿಗಿಂತ ಬೇರೆಯಾಗಿ ಇರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹೊರಗೆ ಬದಲಾದರೆ ಒಳಗೂ ಬದಲಾಗಬೇಕು. ನೂರು ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಸಾಗರದ ಸ್ಥಿರತೆಯನ್ನು ತರುವುದೇ ಸಾಕುವವನ ಮುಖ್ಯ ಕಾರ್ಯ. ಅದರ ಬಹುಭಾಗ ಹೂವು ಮನೆಗೆ ಬರುವ ಮೊದಲೇ ಮುಗಿದಿರಬೇಕು.

ಹೊಸ ತೊಟ್ಟಿಯ ನೀರು ಕಣ್ಣಿಗೆ ಸ್ಫಟಿಕದಂತೆ ಕಂಡರೂ ಜೀವಿಗಳ ವಾಸಕ್ಕೆ ಸಿದ್ಧವಾಗಿರುವುದಿಲ್ಲ. ಮೀನಿನ ಮಲದಿಂದಲೂ ಮಿಕ್ಕ ಆಹಾರದ ಕೊಳೆಯುವಿಕೆಯಿಂದಲೂ ಅಮೋನಿಯ ಹುಟ್ಟುತ್ತದೆ, ಅದು ವಿಷ. ಕೆಲವು ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿಯೂ, ಇನ್ನು ಕೆಲವು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಈ ಸೂಕ್ಷ್ಮಜೀವಿಗಳು ಕಲ್ಲು ಮರಳುಗಳ ಮೇಲೆ ನೆಲೆಗೊಳ್ಳಲು ವಾರಗಳೇ ಬೇಕು. ಲವಣಾಂಶ, ಉಷ್ಣತೆ, ಕ್ಷಾರತೆಗಳು ಏರಿಳಿಯದೆ ನಿಲ್ಲಲು ಇನ್ನೂ ಹೆಚ್ಚು ಕಾಲ ಬೇಕು. ತೊಟ್ಟಿಗೆ ಆರು ತಿಂಗಳಾದರೂ ತುಂಬದೆ ಕಡಲ ಹೂವನ್ನು ತರಬಾರದೆಂದು ಅನುಭವಿಗಳು ಹೇಳುತ್ತಾರೆ. ವರ್ಷವೇ ಕಳೆದರೆ ಮತ್ತೂ ಲೇಸು. ಮೀನುಗಳ ರೋಗಕ್ಕೆಂದು ಹಿಂದೆ ತಾಮ್ರದ ಔಷಧಿಯನ್ನು ಹಾಕಿದ್ದ ತೊಟ್ಟಿಯಂತೂ ಬೇಡವೇ ಬೇಡ. ಮೀನು ತಾಳುವಷ್ಟು ತಾಮ್ರ ಬೆನ್ನೆಲುಬಿಲ್ಲದ ಈ ಜೀವಿಗಳಿಗೆ ಮಾರಕ.

ಇನ್ನು ಆಯ್ಕೆ. ಹೊಸಬರಿಗೆ ತಕ್ಕುದು ಎಂಟಕ್ಮಿಯ ಕ್ವಾಡ್ರಿಕಲರ್ ಎಂಬ ಜಾತಿ. ಇದರ ಗ್ರಹಣಾಂಗಗಳ ತುದಿ ಅನೇಕವೇಳೆ ಗುಳ್ಳೆಯಂತೆ ಉಬ್ಬಿರುವುದರಿಂದ ಅಂಗಡಿಯವರು ಇದನ್ನು ಬಬಲ್ ಟಿಪ್ ಎನ್ನುತ್ತಾರೆ. ಜಮಖಾನೆಯಂತೆ ಹರಡುವ ದೊಡ್ಡ ಜಾತಿಗಳು ನೋಡಲು ಭವ್ಯವಾದರೂ ಸಾಕಲು ಬಹು ಕಷ್ಟ. ಕೊಳ್ಳುವಾಗ ಬಾಯಿಯನ್ನೂ ಪಾದವನ್ನೂ ನೋಡಬೇಕು. ಬಾಯಿ ಬಿಗಿಯಾಗಿ ಮುಚ್ಚಿರಬೇಕು. ಪಾದದಲ್ಲಿ ಹರಿದ ಗಾಯವಿರಬಾರದು. ಬಣ್ಣಕ್ಕೆ ಮಾರುಹೋಗುವುದು ಇಲ್ಲಿ ತೀರ ಸಾಮಾನ್ಯವಾದ ಮೋಸ. ಅಚ್ಚ ಬಿಳಿಯ ಕಡಲ ಹೂವು ಅಪರೂಪದ ಚೆಲುವೆಯಲ್ಲ, ಹಸಿದ ರೋಗಿ. ಈ ಪ್ರಾಣಿಯ ಅಂಗಾಂಶದೊಳಗೆ ಝೂಕ್ಸಾಂಥೆಲೆ ಎಂಬ ಏಕಕೋಶ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಿಂದ ಆಹಾರವನ್ನು ತಯಾರಿಸಿ, ಅದರಲ್ಲಿ ದೊಡ್ಡ ಪಾಲನ್ನು ಮನೆಯೊಡೆಯನಿಗೆ ಕೊಡುತ್ತವೆ. ಕಂದು ಛಾಯೆ ಅವುಗಳದು. ಅವು ಹೊರಟುಹೋದರೆ ಹೂವು ಬೆಳ್ಳಗಾಗುತ್ತದೆ. ಅಂತಹ ಬಿಳಿಯ ಹೂವಿಗೆ ಗಾಢ ಹಳದಿಯನ್ನೋ ನೇರಿಳೆಯನ್ನೋ ಹಾಕಿ ಮಾರುವುದೂ ಉಂಟು.

ಮನೆಗೆ ಬಂದ ಚೀಲವನ್ನು ಮೊದಲು ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟು ಉಷ್ಣತೆಯನ್ನು ಸಮ ಮಾಡುವುದು. ಬಳಿಕ ಹೂವನ್ನು ಚೀಲದ ನೀರಿನೊಂದಿಗೆ ಒಂದು ಪಾತ್ರೆಗೆ ಇಳಿಸಿ, ತೊಟ್ಟಿಯ ನೀರನ್ನು ಸಣ್ಣ ಕೊಳವೆಯ ಮೂಲಕ ತೊಟ್ಟುತೊಟ್ಟಾಗಿ ಸುಮಾರು ಒಂದು ಗಂಟೆಯ ಕಾಲ ಬೆರೆಸುವುದು. ಬಹು ದೂರದಿಂದ ಬಂದ ಚೀಲವಾದರೆ ಒಂದು ಸೂಕ್ಷ್ಮವುಂಟು. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈ ಆಕ್ಸೈಡ್ ಕೂಡಿ ನೀರಿನ ಕ್ಷಾರಗುಣ ತಗ್ಗಿರುತ್ತದೆ. ಆ ಸ್ಥಿತಿಯಲ್ಲಿ ಅಲ್ಲಿಯೇ ಸೇರಿರುವ ಅಮೋನಿಯದ ವಿಷ ಅಡಗಿರುತ್ತದೆ. ಚೀಲ ತೆರೆದು ಗಾಳಿ ತಾಕಿದೊಡನೆ ಕ್ಷಾರಗುಣ ಏರಿ, ವಿಷ ತಲೆಯೆತ್ತುತ್ತದೆ. ಆದ್ದರಿಂದ ಲವಣಾಂಶದಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ ಇಂತಹ ಹೂವನ್ನು ಬೇಗನೆ ತೊಟ್ಟಿಗೆ ಸೇರಿಸುವುದೇ ಒಳ್ಳೆಯದು. ಯಾವ ಸಂದರ್ಭದಲ್ಲಿಯೂ ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು.

ಪಂಪುಗಳನ್ನು ನಿಲ್ಲಿಸಿ, ಬಂಡೆಯ ಒಂದು ಬಿರುಕಿನ ಬಳಿ ಪಾದ ತಗಲುವಂತೆ ಹೂವನ್ನು ಇರಿಸಬೇಕು. ಪಾದ ಕತ್ತಲಲ್ಲಿ, ತಲೆ ಬೆಳಕಿನಲ್ಲಿ — ಈ ಜಾತಿಗೆ ಇದೇ ಇಷ್ಟವಾದ ವಾಸ. ಪಾದ ಹಿಡಿದುಕೊಂಡ ಮೇಲೆ ಪಂಪುಗಳನ್ನು ಮೆಲ್ಲನೆ ಪುನಃ ನಡೆಸಬಹುದು. ದೀಪದ ಪ್ರಖರತೆಯನ್ನು ಮೊದಲ ದಿನಗಳಲ್ಲಿ ತಗ್ಗಿಸಿ, ಒಂದೆರಡು ವಾರಗಳಲ್ಲಿ ಕ್ರಮವಾಗಿ ಏರಿಸುವುದು ಲೇಸು. ಮಬ್ಬಿನಲ್ಲಿ ಪಯಣಿಸಿ ಬಂದ ಪಾಚಿಗಳ ಮೇಲೆ ಹಠಾತ್ತನೆ ತೀವ್ರ ಬೆಳಕು ಬಿದ್ದರೆ ಅವುಗಳಲ್ಲಿ ಹಾನಿಕರವಾದ ಆಮ್ಲಜನಕದ ರೂಪಗಳು ಮಿತಿಮೀರಿ ಹುಟ್ಟುತ್ತವೆ. ಆಗ ಹೂವು ತನ್ನ ಅನ್ನದಾತರನ್ನೇ ಹೊರದೂಡುತ್ತದೆ.

ಇಷ್ಟಾದ ಮೇಲೆ ಅತ್ಯಂತ ಕಠಿನವಾದ ಕೆಲಸ ಬರುತ್ತದೆ: ಸುಮ್ಮನಿರುವುದು. ನಾವು ಪ್ರೀತಿಯಿಂದ ಆರಿಸಿಟ್ಟ ಜಾಗ ಹೂವಿಗೆ ಒಪ್ಪಿಗೆಯಾಗದಿರಬಹುದು. ಪಾದದ ಸ್ನಾಯುಗಳನ್ನು ಅಲೆಯಲೆಯಾಗಿ ಸರಿಸುತ್ತ ಅದು ತನಗೆ ಹಿತವಾದ ಬೆಳಕನ್ನೂ ನೀರಿನ ಹರಿವನ್ನೂ ಹುಡುಕುತ್ತ ಹೊರಡುತ್ತದೆ. ಒಮ್ಮೊಮ್ಮೆ ಹಿಡಿತ ಬಿಟ್ಟು ನೀರಿನಲ್ಲಿ ತೇಲಿಯೂ ಹೋಗುತ್ತದೆ. ಹಲವು ದಿನ ಹೀಗೆ ಅಲೆದು ಒಂದೆಡೆ ನಿಂತರೆ, ಆ ಸ್ಥಳ ಅದರ ಸ್ವಂತ ಆಯ್ಕೆ. ಸಾಕುವವನು ಅದನ್ನು ಕಿತ್ತು ಮೊದಲಿನ ಜಾಗಕ್ಕೆ ತಂದರೆ ಪಾದ ಹರಿದೀತು. ಹರಿದ ಪಾದ ಕೊಳೆತು ಪ್ರಾಣವೇ ಹೋಗಬಹುದು.

ಅಲೆದಾಟದ ದಿನಗಳಲ್ಲಿ ಎರಡು ಅಪಾಯಗಳುಂಟು. ದಾರಿಯಲ್ಲಿರುವ ಹವಳಗಳನ್ನು ಅದು ಕುಟುಕಿ ಸುಡುತ್ತದೆ. ಆದುದರಿಂದ ಹೂವು ನೆಲೆನಿಂತ ಮೇಲೆ ಹವಳಗಳನ್ನಿಡುವುದು ಜಾಣತನ. (ನಮ್ಮ ಕಡಲಿನ ಹವಳಗಳನ್ನು ಕಿತ್ತು ತರುವುದು ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೆಂಬುದನ್ನೂ ಇಲ್ಲಿ ಹೇಳಬೇಕು.) ಎರಡನೆಯದು ಇನ್ನೂ ಘೋರ. ನೀರು ತಿರುಗಿಸುವ ಪಂಪಿನ ಬಾಯಿಗೆ ಸಿಕ್ಕಿದ ಮೃದುವಾದ ಒಡಲು ಚೂರುಚೂರಾಗುತ್ತದೆ. ಆ ಚೂರುಗಳು ಕೊಳೆತು ತೊಟ್ಟಿಯ ಇತರ ಜೀವಿಗಳನ್ನೂ ಕೊಲ್ಲುತ್ತವೆ. ಒಂದು ರಾತ್ರಿಯಲ್ಲಿ ಇಡೀ ತೊಟ್ಟಿ ಮಸಣವಾಗುವುದನ್ನು ಒಂದು ತುಂಡು ಸ್ಪಂಜು ತಪ್ಪಿಸಬಲ್ಲದು. ಹೂವನ್ನು ತರುವ ಮುನ್ನವೇ ಪ್ರತಿಯೊಂದು ಪಂಪಿನ ಬಾಯಿಗೂ ಸ್ಪಂಜನ್ನೋ ಬಲೆಯನ್ನೋ ಕಟ್ಟಿರಬೇಕು.

ಹೊಸ ಹೂವು ಆಗಾಗ ನೀರನ್ನೆಲ್ಲ ಹೊರಹಾಕಿ ಮುದುಡಿ ಕುಳಿತರೆ ಗಾಬರಿಪಡಬೇಕಾಗಿಲ್ಲ. ಹಳೆಯ ನೀರನ್ನೂ ಕಸವನ್ನೂ ಹೊರಹಾಕುವ ಕ್ರಮವದು. ಬಾಯಿ ದಿನಗಟ್ಟಲೆ ತೆರೆದೇ ಇದ್ದು, ಒಡಲು ಲೋಳೆಯಾಗಿ ಕಳಚುತ್ತ, ದುರ್ವಾಸನೆ ಬಂದರೆ ಮಾತ್ರ ಒಡನೆಯೇ ಹೊರತೆಗೆಯಬೇಕು. ಆಹಾರಕ್ಕೂ ಅವಸರ ಬೇಡ. ನೆಲೆ ನಿಂತ ಮೇಲೆ ಕಡಲೆಕಾಳಿನಷ್ಟು ಸಿಗಡಿಯ ಚೂರನ್ನು ವಾರಕ್ಕೊಮ್ಮೆ ಕೊಟ್ಟರೆ ಸಾಕು. ಉಗುಳಿದರೆ ಆ ಚೂರನ್ನು ತೆಗೆದುಬಿಡಬೇಕು.

ಕೋಡಂಗಿ ಮೀನಿನ ಆಸೆಯಿಂದಲೇ ಹಲವರು ಕಡಲ ಹೂವನ್ನು ತರುತ್ತಾರೆ. ಸಾವಿರಕ್ಕೂ ಮೀರಿದ ಕಡಲ ಹೂವಿನ ಜಾತಿಗಳಲ್ಲಿ ಈ ಮೀನುಗಳಿಗೆ ಆಶ್ರಯ ಕೊಡುವುವು ಹತ್ತೆಂದು ಬಹುಕಾಲದಿಂದ ಎಣಿಸಲಾಗಿದೆ. ಸಮುದ್ರದಲ್ಲಿ ಮೀನು ತನ್ನ ಮನೆಯನ್ನು ಕಡಿಯಬರುವ ಚಿಟ್ಟೆಮೀನುಗಳನ್ನು ಅಟ್ಟುತ್ತದೆ, ಅದರ ಮಲದ ಅಮೋನಿಯ ಪಾಚಿಗಳಿಗೆ ಗೊಬ್ಬರವಾಗುತ್ತದೆ. ಗಾಜಿನ ತೊಟ್ಟಿಯಲ್ಲಿ ಮೀನಿಲ್ಲದೆಯೂ ಹೂವು ಸುಖವಾಗಿರಬಲ್ಲದು. ಇನ್ನೂ ಬೇರೂರದ ಹೂವಿನೊಳಗೆ ಮೀನು ಹಗಲಿರುಳು ಹೊರಳಾಡಿದರೆ ಅದು ಅರಳುವುದೇ ಕಷ್ಟ. ಕೆಲವು ವಾರ ಕಾದು ಮೀನನ್ನು ಬಿಡಬಹುದು. ಆ ಮೀನು ಸಾಕಣೆಯಲ್ಲಿಯೇ ಹುಟ್ಟಿದುದಾದರೆ ಮತ್ತೂ ಒಳ್ಳೆಯದು. ಮಂಟಪಂನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ಇವುಗಳ ಮರಿಮಾಡಿಸುವ ಕಾರ್ಯ ಯಶಸ್ವಿಯಾಗಿದೆ.

ಹಿತವಾದ ಎಡೆ ದೊರೆತ ಎಂಟಕ್ಮಿಯವು ಮುಂದೊಂದು ದಿನ ಉದ್ದಕ್ಕೆ ಸೀಳಿಕೊಂಡು ಎರಡಾಗಬಹುದು. ಒಂದು ಪಾದ ಒಂದು ಕಡೆಗೆ, ಇನ್ನೊಂದು ಅದರ ಎದುರು ಕಡೆಗೆ ಎಳೆದು, ನಡುವಿನ ಒಡಲು ಹರಿಯುತ್ತದೆ. ಅದನ್ನು ಸಾವೆಂದು ಭ್ರಮಿಸಿ ಕೈಹಾಕಬಾರದು. ಹರಿದ ಅಂಚು ಕೂಡಿ, ಎರಡಕ್ಕೂ ದುಂಡನೆಯ ಬಾಯಿ ಮೂಡಿ, ಎರಡೂ ಆಹಾರವನ್ನು ಹಿಡಿಯತೊಡಗಿದ ಬಳಿಕ ಒಂದನ್ನು ಅದು ಅಂಟಿಕೊಂಡ ಕಲ್ಲಿನ ಸಮೇತ ಇನ್ನೊಬ್ಬ ಹವ್ಯಾಸಿಗೆ ಕೊಡಬಹುದು. ಗಾಜಿನ ಮನೆಯಲ್ಲಿಯೇ ಹುಟ್ಟಿದ ಅಂತಹ ಹೂವು, ಕಡಲಿನಿಂದ ಕಿತ್ತು ತಂದುದಕ್ಕಿಂತ ಸುಲಭವಾಗಿ ಹೊಸ ತೊಟ್ಟಿಗೆ ಒಗ್ಗುತ್ತದೆ.