ರಾಜೀನಾಮೆ ಬರೆಯುವ ಮುನ್ನ

ಪಶ್ಚಿಮಘಟ್ಟದ ತಪ್ಪಲಿನಲ್ಲಿ, ಬೆಳ್ತಂಗಡಿ ತಾಲೂಕಿನ ಅಂಚಿಗಿರುವ ನಾರಾವಿಯಿಂದ ದಿನವೂ ಮೂಡುಬಿದಿರೆಗೋ ಕಾರ್ಕಳಕ್ಕೋ ಬೆಳ್ತಂಗಡಿಗೋ ದುಡಿಮೆಗೆ ತೆರಳುವ ಹೆಣ್ಣುಮಗಳು, ಬಸಿರಿನ ಕಾರಣದಿಂದಲೋ ಹಾಸಿಗೆ ಹಿಡಿದ ಅತ್ತೆಯ ಶುಶ್ರೂಷೆಗಾಗಿಯೋ ಕೆಲಕಾಲ ಮನೆಯಲ್ಲಿ ನಿಲ್ಲಲು ನಿಶ್ಚಯಿಸಿದಾಗ, ಆ ನಿಶ್ಚಯವು ಬಹುತೇಕ ಮನೆಯ ಚಾವಡಿಯಲ್ಲಿಯೇ ಪೂರ್ಣಗೊಂಡು, ಮರುದಿನ ರಾಜೀನಾಮೆಯ ರೂಪದಲ್ಲಿ ಮಾಲಿಕರ ಮೇಜನ್ನು ಸೇರುತ್ತದೆ. ತಂದೆ ತೀರಿಕೊಂಡ ಮೇಲೆ ಅಡಿಕೆ ತೋಟ ನೋಡುವವರಿಲ್ಲವೆಂದು ಬೆಂಗಳೂರಿನ ನೌಕರಿ ಬಿಟ್ಟುಬರುವ ಮಗನ ವಿಷಯವೂ ಹೀಗೆಯೇ. ವಿರಾಮ ಬೇಕೋ ಬೇಡವೋ ಎಂಬುದನ್ನು ಅವರವರ ಸಂಸಾರವೇ ತೀರ್ಮಾನಿಸತಕ್ಕದ್ದು. ಅದರಲ್ಲಿ ಉಪದೇಶಿಸುವ ಅಧಿಕಾರ ಹೊರಗಿನವರಿಗಿಲ್ಲ. ಆದರೆ ರಜೆಯಿಂದಲೇ ಸಿದ್ಧಿಸಬಹುದಾದ ಕಾರ್ಯಕ್ಕೆ ರಾಜೀನಾಮೆ ಕೊಡುವವರು, ಹಲವು ವರ್ಷಗಳ ಸೇವೆಯಿಂದ ಸಂಚಿತವಾದ ಹಕ್ಕುಗಳನ್ನು ತಮಗರಿವಿಲ್ಲದೆಯೇ ತ್ಯಜಿಸುತ್ತಾರೆಂಬುದನ್ನು ಮಾತ್ರ ಹೇಳದೆ ಇರಲಾಗದು.

ಹೆರಿಗೆಯ ನಿಮಿತ್ತ ಕೆಲಸ ಬಿಡಬೇಕಾದ ಅಗತ್ಯವೇ ಇಲ್ಲ. 1961ರ ಮಾತೃತ್ವ ಸೌಲಭ್ಯ ಅಧಿನಿಯಮಕ್ಕೆ 2017ರಲ್ಲಿ ಆದ ತಿದ್ದುಪಡಿಯಿಂದ ದೊರೆತ 26 ವಾರಗಳ ವೇತನಸಹಿತ ರಜೆಯನ್ನು, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನಗಳ ಕಾಲ ಆ ಮಾಲಿಕರಲ್ಲಿ ದುಡಿದಿರಬೇಕು. ಬದುಕಿರುವ ಇಬ್ಬರು ಮಕ್ಕಳು ಮೊದಲೇ ಇದ್ದಲ್ಲಿ ರಜೆ 12 ವಾರ. 26 ವಾರಗಳ ರಜೆಯಲ್ಲಿ ಎಂಟು ವಾರಗಳನ್ನು ಮೀರದಂತೆ ಹೆರಿಗೆಗೆ ಮುಂಚೆಯೂ, ಉಳಿದುದನ್ನು ಬಾಣಂತನದಲ್ಲಿಯೂ ಪಡೆಯಬಹುದು. ನೋಟೀಸನ್ನು ಲಿಖಿತವಾಗಿ ಕೊಡಬೇಕೆಂಬುದು ನಿಯಮವಾದರೂ, ಸಕಾಲದಲ್ಲಿ ಕೊಡಲಾಗದಿದ್ದವರು ಹೆರಿಗೆಯ ತರುವಾಯವೂ ಕೊಡಬಹುದು. ಕೊಡಲಿಲ್ಲವೆಂಬ ಕಾರಣಮಾತ್ರದಿಂದ ಹಕ್ಕು ನಷ್ಟವಾಗದು. ಈ ರಜೆಯ ಅವಧಿಯಲ್ಲಿ, ಗೈರುಹಾಜರಿಯನ್ನೇ ನೆಪಮಾಡಿ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ದಿನಗೂಲಿಯವಳಿಗೆ ಇದು ಸಲ್ಲದೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ದೆಹಲಿ ಮಹಾನಗರಪಾಲಿಕೆಯ ಮೊಕದ್ದಮೆಯಲ್ಲಿಯೇ ತಳ್ಳಿಹಾಕಿತು. ಕರಾರಿನ ಅವಧಿ ಮುಗಿದ ಮಾತ್ರಕ್ಕೆ ಸೌಲಭ್ಯವು ನಡುವೆ ನಿಲ್ಲದೆಂದು 2023ರಲ್ಲಿ ತೀರ್ಪಿತ್ತಿತು. ವರ್ಷದ ಕರಾರಿನ ಮೇಲೆ ಪಾಠ ಹೇಳುವ ಅಧ್ಯಾಪಿಕೆಯರು ಈ ಎರಡನೆಯ ತೀರ್ಪನ್ನು ವಿಶೇಷವಾಗಿ ನೆನಪಿಡಬೇಕು.

ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರ ಸಂಗತಿಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಏಕೆಂದರೆ ತಮ್ಮದು ನೌಕರಿಯೇ ಅಲ್ಲ, ಬಿಟ್ಟರೆ ಬಿಟ್ಟಿತು, ಹಿಡಿದರೆ ಹಿಡಿಯಿತು ಎಂದು ಅವರಲ್ಲಿ ಅನೇಕರು ಭಾವಿಸಿರುತ್ತಾರೆ. ಈ ಭಾವನೆ ಸರಿಯಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಅಧಿನಿಯಮವನ್ನು ಉದ್ಯಮಿಗಳು ಪ್ರಶ್ನಿಸಿದಾಗ, ನಮ್ಮ ಜಿಲ್ಲೆಯ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಹೆಸರಿನ ಮೊಕದ್ದಮೆಯಲ್ಲಿಯೇ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಅದನ್ನು ಎತ್ತಿಹಿಡಿಯಿತು. ಮನೆಯಲ್ಲಿ ಬೀಡಿ ಕಟ್ಟುವವರೂ ಭವಿಷ್ಯನಿಧಿಯ (ಪಿಎಫ್) ಕಾನೂನಿನ ಅರ್ಥದಲ್ಲಿ ನೌಕರರೇ ಎಂದು ಅದೇ ನ್ಯಾಯಾಲಯ 1985ರಲ್ಲಿ, ಪಿ.ಎಂ. ಪಟೇಲ್ ಮೊಕದ್ದಮೆಯಲ್ಲಿ, ನಿರ್ಣಯಿಸಿತು. ಆದುದರಿಂದ ಎರಡು ವರ್ಷ ಬೀಡಿ ಬಿಟ್ಟು, ಆಮೇಲೆ ಇನ್ನೊಂದು ಬ್ರ್ಯಾಂಚಿನಲ್ಲಿ ಎಲೆ ಪಡೆಯುವಾಕೆ ಹೊಸ ಪಿಎಫ್ ಸಂಖ್ಯೆಗೆ ಒಪ್ಪಿಕೊಳ್ಳದೆ, ಹಳೆಯ ಯುಎಎನ್ (ಪಿಎಫ್‌ನ ಸಾರ್ವತ್ರಿಕ ಖಾತೆ ಸಂಖ್ಯೆ) ಅನ್ನೇ ಕೊಟ್ಟು ಲೆಕ್ಕವನ್ನು ಜೋಡಿಸಿಕೊಳ್ಳಬೇಕು. ಪಿಂಚಣಿಗೆ ಬೇಕಾದ ಸೇವೆ ಹತ್ತು ವರ್ಷ; ವಿರಾಮದ ಹಿಂದಿನ ಮತ್ತು ಮುಂದಿನ ವರ್ಷಗಳು ಕೂಡಿದರೆ ತಾನೆ ಹತ್ತಾಗುವುದು?

ಇದೇ ಮಾತು ಪಿಎಫ್ ಇರುವ ಎಲ್ಲರಿಗೂ ಅನ್ವಯಿಸುತ್ತದೆ. ಹತ್ತು ವರ್ಷ ತುಂಬದೆ ಕೆಲಸ ಬಿಟ್ಟವರು 10ಸಿ ನಮೂನೆಯಲ್ಲಿ ಪಿಂಚಣಿಯ ಪಾಲನ್ನು ಹಿಂಪಡೆಯಲೂಬಹುದು, ಅದೇ ನಮೂನೆಯಲ್ಲಿ ಯೋಜನಾ ಪ್ರಮಾಣಪತ್ರವನ್ನು ಕೇಳಲೂಬಹುದು. ಮೊದಲನೆಯದರಿಂದ ಕೈಗೆ ಒಂದಿಷ್ಟು ಹಣ ಬಂದು ಹಿಂದಿನ ಸೇವೆ ಅಳಿಯುತ್ತದೆ. ಎರಡನೆಯದರಿಂದ ಸೇವೆ ಉಳಿದು, ಮತ್ತೆ ದುಡಿಮೆಗೆ ಸೇರಿದಾಗ ಮುಂದಿನದಕ್ಕೆ ಕೂಡಿಕೊಳ್ಳುತ್ತದೆ. ಮರಳಿ ಬರುವ ಇಚ್ಛೆಯುಳ್ಳವರು ಪ್ರಮಾಣಪತ್ರವನ್ನೇ ಕೇಳತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷಗಳ ಸತತ ಸೇವೆ ಬೇಕು. ನಾಲ್ಕೂವರೆ ವರ್ಷ ದುಡಿದವರು ಸಾಧ್ಯವಾದಲ್ಲಿ ಸಂಬಳವಿಲ್ಲದ ರಜೆಯನ್ನಾದರೂ ಕೇಳಿ ನೋಡುವುದು ಲೇಸು.

ಸಂಬಳರಹಿತ ದೀರ್ಘ ರಜೆ, ವೃದ್ಧರ ಆರೈಕೆಗೆ ರಜೆ, ಇವು ಖಾಸಗಿ ನೌಕರರಿಗೆ ಕಾನೂನಿನ ಹಕ್ಕಲ್ಲ. ಸಂಸ್ಥೆಯ ನಿಯಮ ಮತ್ತು ನೇಮಕಾತಿ ಆದೇಶವನ್ನು ಅವಲಂಬಿಸಿದವು. ಒಪ್ಪಿಗೆ ದೊರೆತಲ್ಲಿ ಯಾವ ದಿನದಿಂದ ಯಾವ ದಿನದ ಪರ್ಯಂತ, ಮರಳಿದಾಗ ಯಾವ ಹುದ್ದೆ ಎಂಬುದನ್ನು ಬರಹದಲ್ಲಿ ಪಡೆಯಬೇಕು. ರಾಜ್ಯ ಸರಕಾರದ ನೌಕರೆಯರಿಗಾದರೋ 180 ದಿನಗಳ ಹೆರಿಗೆ ರಜೆಯ ಜೊತೆಗೆ, 2021ರ ಆದೇಶದಂತೆ ಆರು ತಿಂಗಳ ಶಿಶುಪಾಲನಾ ರಜೆಯೂ ಇದೆ. ಸರಕಾರಿ ಸೇವೆಗೆ ರಾಜೀನಾಮೆಯಿತ್ತರೆ ಹಿಂದಿನ ಸೇವೆಯೆಲ್ಲ ಪಿಂಚಣಿಗೆ ಲೆಕ್ಕಕ್ಕಿಲ್ಲದೆ ಹೋಗುವುದರಿಂದ, ಶಾಲಾ ಶಿಕ್ಷಕಿಯರು ಅದನ್ನು ಕಟ್ಟಕಡೆಯ ಉಪಾಯವೆಂದು ತಿಳಿಯಬೇಕು.

ಕೆಲಸಕ್ಕೆ ಸೇರುವಾಗ ಬರೆದುಕೊಟ್ಟ ಬಾಂಡನ್ನೂ ಮರೆಯಬಾರದು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಡನೆ ವಿಲೀನವಾದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮುನ್ನವೇ ಬಿಟ್ಟುಹೋದಾಗ ಕೊಡಬೇಕಾಗಿ ಬಂದ 2 ಲಕ್ಷ ರೂಪಾಯಿಯ ವ್ಯಾಜ್ಯದಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯವು ಅಧಿಕಾರಿಯ ಪಕ್ಷವಹಿಸಿತ್ತಾದರೂ, ಸರ್ವೋಚ್ಚ ನ್ಯಾಯಾಲಯವು 2025ರ ಮೇ 14ರಂದು ಬ್ಯಾಂಕಿನ ಷರತ್ತು ಸಿಂಧುವೆಂದು ಹೇಳಿತು. ಎಲ್ಲ ಬಾಂಡುಗಳೂ ಸಿಂಧುವೆಂದು ಇದರ ಅರ್ಥವಲ್ಲ; ಆದರೆ ಓದದೆ ಸಹಿಹಾಕಿದ ಷರತ್ತು ತಾನಾಗಿ ಬಿದ್ದುಹೋಗುವುದೆಂಬ ಭರವಸೆ ಬೇಡ. ಮುಂದಿನ ಒಂದು ದಿನಾಂಕದಿಂದ ಅನ್ವಯವಾಗುವಂತೆ ಕೊಟ್ಟ ರಾಜೀನಾಮೆಯನ್ನು, ಸೇವಾನಿಯಮದಲ್ಲಿ ವಿರುದ್ಧವಾದುದೇನೂ ಇಲ್ಲದಿದ್ದಲ್ಲಿ, ಅದು ಜಾರಿಗೆ ಬರುವ ಮುನ್ನ ಹಿಂತೆಗೆದುಕೊಳ್ಳಬಹುದೆಂಬುದು 1978ರಿಂದ ಸ್ಥಾಪಿತವಾದ ತತ್ತ್ವ. ಮನಸ್ಸು ಬದಲಾದವರು ತಡಮಾಡದೆ ಬರೆದು, ಕೊಟ್ಟ ದಿನದ ರಶೀದಿ ಪಡೆಯಬೇಕು.

ಹೆಣ್ಣುಮಕ್ಕಳಿಗೆ, ಅವರ ವರಮಾನ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ವಕೀಲರ ನೆರವು ಉಚಿತ. ತಾಲೂಕು ಕಾನೂನು ಸೇವಾ ಸಮಿತಿಯು ಬೆಳ್ತಂಗಡಿಯಲ್ಲಿಯೇ ಇದೆ. ದೂರವಾಣಿಯಲ್ಲಿ ಕೇಳುವವರಿಗೆ 15100 ಸಂಖ್ಯೆಯಿದೆ. ರಾಜೀನಾಮೆಗೆ ಸಹಿಹಾಕುವ ಮುನ್ನ, ದಯವಿಟ್ಟು ನೇಮಕಾತಿ ಆದೇಶವನ್ನೂ ಪಿಎಫ್ ಕಾಗದಗಳನ್ನೂ ಹಿಡಿದುಕೊಂಡು ಒಮ್ಮೆ ಅಲ್ಲಿಗೆ ಹೋಗಿಬನ್ನಿ.