ಹಳೆಯ ವಾಲ್ವ್, ಹೊಸ ವಾಲ್ವ್: ಒಂಬತ್ತನೇ ತರಗತಿಯಲ್ಲಿ ಒಂದು ನ್ಯಾಯಯುತ ಪರೀಕ್ಷೆ

ಒಂಬತ್ತನೇ ತರಗತಿಯ ‘ಶಬ್ದ’ ಘಟಕ ಮುಗಿಯುವ ಹೊತ್ತಿಗೆ ಗಟ್ಟಿತನ, ಸ್ಥಾಯಿ, ನಾದಗುಣ ಎಂಬ ಮೂರು ಪದಗಳ ಅರ್ಥವನ್ನು ಮಕ್ಕಳು ಬರೆಯಬಲ್ಲರು. ಆದರೆ ಎರಡು ಧ್ವನಿಗಳನ್ನು ಕೇಳಿಸಿ ಇವುಗಳಲ್ಲಿ ಬದಲಾದದ್ದು ಯಾವುದು ಎಂದು ಕೇಳಿದರೆ ತಡವರಿಸುತ್ತಾರೆ. ಬೋಧನಾಭ್ಯಾಸದಲ್ಲಿ ಈ ಘಟಕದ ಕೊನೆಯ ಎರಡು ಅವಧಿಗಳನ್ನು ನಾನು ಇದಕ್ಕಾಗಿಯೇ ಇಟ್ಟುಕೊಂಡೆ. ಸಂದರ್ಭವಾಗಿ ಆರಿಸಿಕೊಂಡದ್ದು ಸಂಗೀತ ಕೇಳುವ ಹವ್ಯಾಸಿಗಳ ನಡುವೆ ಬಹುಕಾಲದಿಂದ ನಡೆದಿರುವ ಒಂದು ಚರ್ಚೆ: ಮನೆಯ ಆಂಪ್ಲಿಫೈಯರಿನಿಂದ ಹೊಸ ವಾಲ್ವ್ ತೆಗೆದು ಐವತ್ತು, ಅರವತ್ತು ವರ್ಷ ಹಿಂದಿನ ವಾಲ್ವ್ ಹಾಕಿದರೆ ಹಾಡು ನಿಜಕ್ಕೂ ಚೆನ್ನಾಗಿ ಕೇಳಿಸುತ್ತದೆಯೇ?

ವಿಷಯದ ಹಿನ್ನೆಲೆ

ವಾಲ್ವ್ ಎಂದರೆ ನಿರ್ವಾತ ನಳಿಕೆ. ಗಾಳಿ ತೆಗೆದ ಗಾಜಿನ ಕೊಳವೆಯೊಳಗೆ ಕಾಯಿಸಿದ ಕ್ಯಾಥೋಡ್ ಇಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ಧನ ವಿಭವದಲ್ಲಿರುವ ಆನೋಡ್ ಅವನ್ನು ಸೆಳೆಯುತ್ತದೆ. 1904ರಲ್ಲಿ ಫ್ಲೆಮಿಂಗ್ ಮಾಡಿದ್ದು ಈ ಎರಡು ಭಾಗಗಳ ಡಯೋಡ್. 1906ರಲ್ಲಿ ಲೀ ಡಿ ಫಾರೆಸ್ಟ್ ನಡುವೆ ಗ್ರಿಡ್ ಎಂಬ ಮೂರನೆಯ ಭಾಗ ಸೇರಿಸಿದರು. ಗ್ರಿಡ್‌ಗೆ ಕೊಡುವ ಸಣ್ಣ ವೋಲ್ಟೇಜ್ ಏರಿಳಿದರೆ ಆನೋಡಿನ ವಿದ್ಯುತ್ ಪ್ರವಾಹ ಅದೇ ತಾಳಕ್ಕೆ ದೊಡ್ಡದಾಗಿ ಏರಿಳಿಯುತ್ತದೆ. ವರ್ಧನೆ ಎಂದರೆ ಇದೇ. ನಲ್ಲಿಯ ತಿರುಗಣೆಯನ್ನು ಬೆರಳಿನಿಂದ ತಿರುಗಿಸಿ ಕೊಳವೆಯ ನೀರನ್ನೆಲ್ಲ ಹಿಡಿತದಲ್ಲಿಡುವ ಹೋಲಿಕೆ ಮಕ್ಕಳಿಗೆ ಬೇಗ ಹಿಡಿಸಿತು.

ಟ್ರಾನ್ಸಿಸ್ಟರ್ ಬಂದ ಮೇಲೆ ವಾಲ್ವ್ ಹಿಂದೆ ಸರಿಯಿತು. ಮನೆಯ ಸಂಗೀತದಲ್ಲಿ ಮಾತ್ರ ಅದನ್ನು ಬಿಡದವರು ಇದ್ದಾರೆ. ಬ್ರಿಟನ್ನಿನ ಮಲ್ಲಾರ್ಡ್, ಜರ್ಮನಿಯ ಟೆಲಿಫುಂಕೆನ್, ಅಮೆರಿಕದ ಆರ್‌ಸಿಎ ಕಂಪನಿಗಳ ಹಳೆಯ ದಾಸ್ತಾನನ್ನು ಹುಡುಕಿ, ಹೆಚ್ಚು ಬೆಲೆ ಕೊಟ್ಟು ತರುತ್ತಾರೆ. ಒಂದೇ ಹಾಡು ಹಾಕಿ ವಾಲ್ವ್ ಬದಲಿಸುತ್ತ ಕೇಳುತ್ತಾರೆ. ಈ ಹುಡುಕಾಟದ ಪಟ್ಟಿಯಲ್ಲಿ ನಮ್ಮ ಬೆಂಗಳೂರೂ ಇದೆ. 1954ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಇಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. ‘ಬಿಇಎಲ್’ ಮುದ್ರೆಯ ಆ ವಾಲ್ವ್‌ಗಳನ್ನು ಹೊರದೇಶದ ಹವ್ಯಾಸಿಗಳೂ ಕೊಳ್ಳುತ್ತಾರೆ.

ವಾಲ್ವ್ ಬದಲಿಸಿದಾಗ ಬದಲಾಗುವುದು ಏನೇನು?

ಹವ್ಯಾಸಿಗಳು ಹೆಚ್ಚು ಬದಲಿಸುವುದು ಇಸಿಸಿ 83 ಎಂಬ ಒಂಬತ್ತು ಪಿನ್ನಿನ ವಾಲ್ವ್. ಅಮೆರಿಕದಲ್ಲಿ ಇದರ ಹೆಸರು 12ಎಎಕ್ಸ್7. ಯುರೋಪಿನ ಹೆಸರನ್ನು ಬಿಡಿಸಿದರೆ ಅದೇ ಒಂದು ಪಾಠ: ಇ ಎಂದರೆ 6.3 ವೋಲ್ಟಿನ ಹೀಟರ್, ಎರಡು ಸಿ ಎಂದರೆ ಒಂದೇ ಗಾಜಿನೊಳಗೆ ಎರಡು ಟ್ರಯೋಡ್, 8 ಎಂದರೆ ಒಂಬತ್ತು ಪಿನ್ನಿನ ತಳ.

ಇದರ ವರ್ಧನಾಂಕ ಸುಮಾರು 100. ಆದರೆ ಒಂದೇ ಹೆಸರಿನ ಎರಡು ವಾಲ್ವ್‌ಗಳು ವಯಸ್ಸು, ಬಳಕೆ, ತಯಾರಿಕೆಗೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತವೆ. ಆದ್ದರಿಂದ ವಾಲ್ವ್ ಬದಲಿಸಿದಾಗ ನಾದಗುಣದ ಜೊತೆ ಗಟ್ಟಿತನವೂ ಬದಲಾಗಬಹುದು. ತುಸುವೇ ಜೋರಾದ ಧ್ವನಿ ಕಿವಿಗೆ ‘ಜೋರು’ ಎಂದು ಅನ್ನಿಸುವುದಿಲ್ಲ. ‘ಸ್ಪಷ್ಟ’, ‘ತುಂಬು’ ಎಂದು ಅನ್ನಿಸುತ್ತದೆ. ಇದರ ಮೇಲೆ, ಬಿಸಿ ವಾಲ್ವ್ ಆರಿಸಿ, ಕಿತ್ತು, ಇನ್ನೊಂದನ್ನು ಹಾಕಿ ಕಾಯಿಸಲು ಕೆಲವು ನಿಮಿಷ ಬೇಕು. ಧ್ವನಿಯ ಸೂಕ್ಷ್ಮ ನೆನಪು ಅಷ್ಟು ಹೊತ್ತು ಉಳಿಯುವುದಿಲ್ಲ. ದುಬಾರಿ ವಾಲ್ವ್ ಯಾವುದೆಂಬುದೂ ಕೇಳುವವನಿಗೆ ಮೊದಲೇ ಗೊತ್ತಿರುತ್ತದೆ.

ಹಾಗೆಂದು ಹವ್ಯಾಸಿಗಳ ಮಾತನ್ನು ಭ್ರಮೆ ಎಂದು ತಳ್ಳಿಹಾಕಲಾಗದು. ಟ್ರಯೋಡ್ ಮೂಲ ಧ್ವನಿಗೆ ಅದರ ಎರಡರಷ್ಟು ಆವೃತ್ತಿಯ ಧ್ವನಿಯನ್ನು ಸ್ವಲ್ಪ ಬೆರೆಸುತ್ತದೆ. 220 ಹರ್ಟ್ಸ್‌ನ ಷಡ್ಜಕ್ಕೆ 440 ಹರ್ಟ್ಸ್, ಅಂದರೆ ಮೇಲಿನ ಷಡ್ಜ, ಜೊತೆಯಾಗುತ್ತದೆ. ಸಂಗೀತ ಕಲಿಯುವ ಮಕ್ಕಳಿಗೆ ಇದು ಹಿತವೇಕೆ ಎಂದು ವಿವರಿಸಬೇಕಾಗಲಿಲ್ಲ. ಈ ಬೆರಕೆ ಎಷ್ಟೆಂದು ಉಪಕರಣದಿಂದ ಅಳೆಯಬಹುದು.

ತರಗತಿಯ ಚಟುವಟಿಕೆ

ವಾಲ್ವ್ ಆಂಪ್ಲಿಫೈಯರನ್ನು ತರಗತಿಗೆ ಒಯ್ಯಲಿಲ್ಲ. ಅದರೊಳಗೆ 250 ವೋಲ್ಟಿಗೂ ಹೆಚ್ಚು ಇರಬಹುದು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಆವೇಶ ಉಳಿದಿರುತ್ತದೆ. ರೇಡಿಯೊ ರಿಪೇರಿ ಅಂಗಡಿಯಿಂದ ತಂದ ಕೆಟ್ಟ ವಾಲ್ವ್ ಒಂದನ್ನು ವೀಕ್ಷಣೆಗೆ ಕೊಟ್ಟೆ. ಗಾಜಿನ ತುದಿಯ ಒಳಗಿನ ಬೆಳ್ಳಿಬಣ್ಣದ ಲೇಪವನ್ನು ಸುಟ್ಟ ಕಲೆ ಎಂದುಕೊಂಡವರೇ ಹೆಚ್ಚು. ಅದು ಉಳಿದ ಅನಿಲವನ್ನು ಹೀರಲು ಹಚ್ಚಿದ ಬೇರಿಯಂ. ಒಳಗೆ ಗಾಳಿ ಹೊಕ್ಕರೆ ಬಿಳಿಯಾಗುತ್ತದೆ.

ಪರೀಕ್ಷೆಯನ್ನು ಲ್ಯಾಪ್‌ಟಾಪ್ ಮತ್ತು ಶಾಲೆಯ ಸ್ಪೀಕರಿನಲ್ಲಿ ನಡೆಸಿದೆ. ವೀಣೆಯ ಮೂವತ್ತು ಸೆಕೆಂಡಿನ ತುಣುಕಿಗೆ ‘ಕ’, ‘ಖ’ ಎಂಬ ಎರಡು ಪ್ರತಿ ಮಾಡಿ, ‘ಖ’ವನ್ನು 2 ಡೆಸಿಬೆಲ್ ಮಾತ್ರ ಹೆಚ್ಚಿಸಿದೆ. ಯಾವುದು ಚೆನ್ನಾಗಿದೆ, ಏಕೆ ಎಂದು ಮಕ್ಕಳು ಬರೆದರು. ‘ಖ’ವನ್ನು ಆರಿಸಿದವರೇ ಹೆಚ್ಚು. ಕಾರಣಗಳಲ್ಲಿ ‘ತಂತಿ ಹತ್ತಿರದಲ್ಲಿದೆ’, ‘ಇಂಪಾಗಿದೆ’, ‘ಒಳ್ಳೆ ವೀಣೆ’ ಎಂದೆಲ್ಲ ಇತ್ತು. ‘ಜೋರಾಗಿದೆ’ ಎಂದವರು ಕೆಲವರೇ. ಎರಡೂ ಒಂದೇ ಧ್ವನಿಮುದ್ರಣ, ಬದಲಾದದ್ದು ಪಾರ ಮಾತ್ರ ಎಂದು ಕೂಡಲೇ ತಿಳಿಸಿ ಅಲೆಯ ಚಿತ್ರ ತೋರಿಸಿದೆ.

ಮುಂದಿನ ಕೆಲಸ ಗುಂಪುಗಳದ್ದು: ಎರಡು ವಾಲ್ವ್‌ಗಳನ್ನು ಹೋಲಿಸಲು ನಿಯಮ ಬರೆಯಿರಿ. ಒಂದೇ ಹಾಡು, ಒಂದೇ ಗಟ್ಟಿತನ, ಒಂದೇ ಜಾಗ, ಕೇಳುವವರಿಗೆ ಹೆಸರು ತಿಳಿಸಬಾರದು—ಇಷ್ಟು ಎಲ್ಲ ಗುಂಪಿನಲ್ಲೂ ಬಂತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಇನ್ನೊಂದು ಸೇರಿಸಿದಳು: “ಹಾಕೋರಿಗೂ ಗೊತ್ತಿರಬಾರದು ಮಿಸ್. ನೀವು ಪ್ರಶ್ನೆ ಕೇಳುವಾಗ ನಿಮ್ಮ ಮುಖ ನೋಡಿದ್ರೆ ಉತ್ತರ ಗೊತ್ತಾಗತ್ತೆ.” ಅವಳ ಮಾತಿನಂತೆ ವ್ಯವಸ್ಥೆ ಬದಲಾಯಿತು. ಒಬ್ಬ ಬೀರುವಿನ ಹಿಂದೆ ನಾಣ್ಯ ಚಿಮ್ಮಿ ತುಣುಕು ಹಾಕುತ್ತಾನೆ. ಏನೂ ತಿಳಿಯದ ಇನ್ನೊಬ್ಬಳು ಈಚೆ ನಿಂತು ಉತ್ತರ ಬರೆದುಕೊಳ್ಳುತ್ತಾಳೆ.

ಎಷ್ಟು ಸರಿಯಾದರೆ ನಂಬಬಹುದು?

ಈ ಸಲ ‘ಕ’, ‘ಖ’ ಎರಡರ ಗಟ್ಟಿತನವನ್ನೂ ಸಮ ಮಾಡಿದೆ. ಅಂದರೆ ಅವು ಸಂಪೂರ್ಣ ಒಂದೇ. ಆದರೂ ಹತ್ತು ಸರದಿಯಲ್ಲಿ ಒಬ್ಬನಿಗೆ ಏಳು ಸರಿ ಬಂತು. ‘ನನ್ನ ಕಿವಿ ಚುರುಕು’ ಎಂದು ಬೀಗಿದ. ಇಲ್ಲಿ ಗಣಿತ ನೆರವಿಗೆ ಬಂತು. ಹತ್ತು ನಾಣ್ಯಚಿಮ್ಮುವಿಕೆಯ ಸಾಧ್ಯತೆಗಳು 1,024. ಅವುಗಳಲ್ಲಿ ಏಳು ಅಥವಾ ಹೆಚ್ಚು ಸರಿ ಬರುವವು 176, ಅಂದರೆ ಬರೀ ಊಹಿಸುವ ಆರು ಜನರಲ್ಲಿ ಒಬ್ಬರಿಗೆ ಹೀಗಾಗಬಹುದು. ಒಂಬತ್ತು ಅಥವಾ ಹೆಚ್ಚು ಬರುವವು 11 ಮಾತ್ರ, ಸುಮಾರು ಶೇ. 1. ಒಂಬತ್ತು ಬಂದರೆ ಮಾತಿಗೆ ತೂಕ; ಏಳು ಬಂದರೆ ಮತ್ತೆ ಪರೀಕ್ಷೆ. ಆ ಹುಡುಗನೇ ಎರಡನೇ ಸುತ್ತಿಗೆ ಮುಂದೆ ಬಂದ.

ಕೊನೆಯ ಪ್ರಶ್ನೆ

“ಹಾಗಾದ್ರೆ ಹಳೇ ವಾಲ್ವಿಗೆ ಅಷ್ಟು ದುಡ್ಡು ಕೊಡೋರು ಮೋಸ ಹೋದ್ರಾ ಮಿಸ್?” ಎಂದು ಮಕ್ಕಳು ಕೇಳಿದರು. ಹಲಗೆಯ ಮೇಲೆ ಮೂರು ಕಾಲಂ ಎಳೆದೆ: ಅಳತೆಯಲ್ಲಿ ವ್ಯತ್ಯಾಸ ಇದೆ, ಹೆಸರು ತಿಳಿಯದೆಯೂ ಕಿವಿಗೆ ವ್ಯತ್ಯಾಸ ಸಿಗುತ್ತದೆ, ನನಗೆ ಇದು ಇಷ್ಟ. ಮೊದಲನೆಯದಕ್ಕೆ ಉಪಕರಣ ಬೇಕು, ಎರಡನೆಯದಕ್ಕೆ ನಾವು ಮಾಡಿದಂಥ ಪರೀಕ್ಷೆ ಬೇಕು. ಮೂರನೆಯದಕ್ಕೆ ಯಾರ ಅಪ್ಪಣೆಯೂ ಬೇಡ. ಕೆಂಪಗೆ ಹೊಳೆಯುವ ಹಳೆಯ ವಾಲ್ವಿನ ಮುಂದೆ ಕೂತು ಸಂತೋಷಪಡುವವರು ಮೋಸ ಹೋದವರಲ್ಲ. ಮೂರನೆಯ ಕಾಲಮ್ಮಿನ ಮಾತನ್ನು ಮೊದಲನೆಯದಕ್ಕೆ ಸಾಕ್ಷಿ ಮಾಡಿದಾಗ ಮಾತ್ರ ತೊಂದರೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠಕ್ಕೆ ಎರಡು ಅವಧಿ ಬೇಕೇ ಬೇಕು. ನಿಯಮ ಬರೆಯುವ ಭಾಗವನ್ನು ಅವಸರಿಸಬಾರದು. ಮೌಲ್ಯಮಾಪನಕ್ಕೆ ಮಕ್ಕಳ ಮನೆಯ ಮಾತನ್ನೇ ಕೊಡಬಹುದು: ಮಡಕೆಯ ನೀರು ರುಚಿ, ಸೌದೆ ಒಲೆಯ ಅನ್ನ ರುಚಿ. ಒಂದನ್ನು ಆರಿಸಿ, ಯಾವ ಚಲಕಗಳನ್ನು ಸಮ ಇಡುತ್ತೀರಿ ಎಂದು ಬರೆಸಿ.

ಆ ಹುಡುಗಿಯ ಮಾತು ನಮ್ಮ ಕೆಲಸಕ್ಕೂ ಅನ್ವಯಿಸುತ್ತದೆ. ಪ್ರಶ್ನೆ ಕೇಳಿ ಸರಿ ಉತ್ತರಕ್ಕೆ ತಲೆಯಾಡಿಸುತ್ತ ನಿಂತರೆ ಮಕ್ಕಳು ಓದುವುದು ನಮ್ಮ ಮುಖವನ್ನು, ಪಾಠವನ್ನಲ್ಲ. ಉತ್ತರವನ್ನು ಮೊದಲು ಬರೆಸಿ, ಆಮೇಲೆ ಹೇಳಿಸುವುದು ಇದಕ್ಕೆ ಸುಲಭ ಪರಿಹಾರ. ಮುಂದಿನ ಪಾಠಗಳಲ್ಲಿ ಪ್ರತಿ ಮುಖ್ಯ ಪ್ರಶ್ನೆಗೂ ಈ ಕ್ರಮವನ್ನೇ ಅನುಸರಿಸುತ್ತಿದ್ದೇನೆ. ಕೈ ಎತ್ತದ ಮಕ್ಕಳ ಉತ್ತರಗಳೂ ಈಗ ನನಗೆ ಓದಲು ಸಿಗುತ್ತಿವೆ.